ಹನ್ನೊಂದರಿಂದ ಶುರುವಾಗುವ ಬೀದಿ

ಇಸ್ತಾಂಬುಲ್ಲಿನ ಬಸ್ಸುಗಳು ದಣಿದು ತಿರುಗಿಕೊಳ್ಳುವ ಕಡೆ
ಆಯ್ವಾತೆಪೆ.
ದಿಬ್ಬ ಇದೆ. ಹೆಸರಿನೊಳಗಿನ ಹಣ್ಣಿನ ಮರ
ಯಾರೂ ಕಂಡವರಿಲ್ಲ.

ಮೊದಲು ಬಂದದ್ದು ಬಾಗಿಲು.
ಗೋಡೆಗಿಂತ, ನೀರಿಗಿಂತ, ದೀಪಕ್ಕಿಂತ ಮೊದಲು,
ದುರ್ಸುನನ ಬೆನ್ನ ಮೇಲೆ, ಗುಜರಿಯಿಂದ ಸಾಲಕ್ಕೆ,
ಯಾವುದೋ ಸಿರಿವಂತರ ಕೆಡವಿದ ಮನೆಯ ನೀಲಿ ಬಾಗಿಲು,
ಎದೆಯ ಮೇಲೆ ಹಿತ್ತಾಳೆಯ ಹದಿನಾಲ್ಕು.

ದುರ್ಸುನ್ ಅಂದರೆ ‘ಉಳಿಯಲಿ’.
ಮುಂಚಿನ ಮೂವರು ಹೋದಮೇಲೆ ಇಟ್ಟ ಹೆಸರು.
ಹೆಂಡತಿ ಯೆತೆರ್, ಐದನೆಯ ಹೆಣ್ಣು;
ನಮ್ಮ ಕಡೆಯಾಗಿದ್ದರೆ ಸಾಕಮ್ಮ ಅನ್ನುತ್ತಿದ್ದರು.
‘ಉಳಿಯಲಿ’ಯೂ ‘ಸಾಕು’ವೂ ಸೇರಿ
ಒಂದು ರಾತ್ರಿಯಲ್ಲಿ ಮನೆ ಕಟ್ಟಿದರು.

ಒಂದೇ ರಾತ್ರಿ. ಬೆಳಕು ಹರಿಯುವುದರೊಳಗೆ ಸೂರು ಕೂತಿತೋ
ಕೆಡವಲು ಕಾಗದ ಬೇಕು; ಕೂರದಿದ್ದರೆ ಒಂದು ಹಾರೆ ಸಾಕು.
ದಿಬ್ಬವೆಲ್ಲ ನಂಬಿದ್ದ ಕಾನೂನು,
ಯಾವ ಪುಸ್ತಕದ್ದೆಂದು ಯಾರೂ ಕೇಳಲಿಲ್ಲ.
ಸಿವಾಸ್ ಕಡೆಯ ಒಂಬತ್ತು ಜನ, ಎರಡು ಲಾಂದ್ರ,
ಕೇಬಲ್ ಕಾರ್ಖಾನೆಯಿಂದ ಕದ್ದ ಟಾರು ಹಾಳೆ.
ನಾಲ್ಕನೆಯ ಗೋಡೆ ಏಳಲಿಲ್ಲ. ಕಂಬಳಿ ಇಳಿಬಿಟ್ಟು
ಅದರ ಹಿಂದೆ ಯೆತೆರ್ ಹೆರಿಗೆ ನೋವು ನಟಿಸಿದಳು.
ಪೊಲೀಸರು ಟೋಪಿ ತೆಗೆದು ಹೊರಗೇ ನಿಂತರು.
ಹೆರಿಗೆಯಾದದ್ದು ಎರಡು ವರ್ಷದ ಮೇಲೆ.

ಆಮೇಲೆ ಟಪಾಲಿನವ ಬಂದ. ಬೀದಿಗೆ ಹೆಸರಿಲ್ಲ,
ನಾಲ್ಕೇ ಮನೆ, ಒಂದಕ್ಕೆ ಮಾತ್ರ ಸಂಖ್ಯೆ.
ಅವನಾದರೂ ಏನು ಮಾಡಿಯಾನು? ನೀಲಿ ಬಾಗಿಲಿನಿಂದ ಕೆಳಕ್ಕೆ ಎಣಿಸಿದ:
ಹದಿಮೂರು, ಹನ್ನೆರಡು, ಹನ್ನೊಂದು. ಅಲ್ಲಿಗೆ ಕಮರಿ.
ನಗರಸಭೆ ಮೊಹರು ಒತ್ತಿತು.

ಚುನಾವಣೆಗೊಂದು ಬಂತು:
ಒಮ್ಮೆ ನಲ್ಲಿ, ಒಮ್ಮೆ ದೀಪದ ಕಂಬ, ಒಮ್ಮೆ ಹಕ್ಕುಪತ್ರ.
ಪತ್ರ ಬಂದದ್ದೇ ತಡ ಮನೆಗಳು ಮೇಲಕ್ಕೆ ಬೆಳೆದವು,
ಮಗನ ಮದುವೆಗೊಂದು ಅಂತಸ್ತು,
ಮಗಳು ತಿರುಗಿ ಬಂದರೆ ಇನ್ನೊಂದು.
ತಾರಸಿ ತಾರಸಿಯಲ್ಲೂ ಕಬ್ಬಿಣದ ಕಂಬಿ, ಬೋಳಿಸದ ಗಡ್ಡದ ಹಾಗೆ,
ಇನ್ನೂ ಹುಟ್ಟದವರಿಗಾಗಿ.
ಕೇಬಲ್ ಕಾರ್ಖಾನೆ ಮುಚ್ಚಿತು. ದುರ್ಸುನನೂ ಅದೇ ವರ್ಷ,
ಚಹಾದಂಗಡಿಯಲ್ಲಿ, ಆಟದ ಮಧ್ಯೆ.
ಗೆಲ್ಲುವ ಬಿಲ್ಲೆ ಕೈಯಲ್ಲೇ ಇತ್ತಂತೆ.

ಕೊನೆಗೆ ಇಂಜಿನಿಯರುಗಳು ಬಂದು ಗೋಡೆ ತಟ್ಟಿ ನೋಡಿದರು.
ಭೂಕಂಪಕ್ಕೆ ಇದು ಬಿಸ್ಕತ್ತು, ಅಂದರು. ಸುಳ್ಳಲ್ಲ;
ಗಾರೆಯೊಳಗೆ ಕಡಲಿನ ಚಿಪ್ಪುಗಳಿದ್ದವು.
ಹದಿನಾಲ್ಕು ಬಿದ್ದ ದಿನ ಯೆತೆರ್ ಅಳಲಿಲ್ಲ.
ಬಾಗಿಲಿಗೆ ಮಾತ್ರ ಒಂದು ಗಾಡಿ ಕೇಳಿದಳು.

ಒಂಬತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಅದೀಗ ಮಲಗಿದೆ.
ಮೆಣಸಿನಕಾಯಿ ಒಣಗಿಸಲು ಚೆನ್ನಾಗಿದೆ, ಅನ್ನುತ್ತಾಳೆ.
ಮೊಮ್ಮಗಳು ಕೇಳುತ್ತಾಳೆ:
ಒಂದರಿಂದ ಹತ್ತರವರೆಗಿನವರು ಎಲ್ಲಿ ಹೋದರಜ್ಜಿ?
ಹೋಗಿಲ್ಲ ಕಣೇ, ಇನ್ನೂ ದಾರಿಯಲ್ಲಿದ್ದಾರೆ.

ಕಮರಿಯ ಅಂಚಿಗೆ, ಕೆಡವಲು ಮರೆತ ಒಂದು ನೆಲಮಾಳಿಗೆ.
ಅಲೆಪ್ಪೊ ಕಡೆಯ ಹುಡುಗರು ರಾತ್ರಿಯೆಲ್ಲ ಜೇಬು ಹೊಲಿಯುತ್ತಾರೆ,
ಬೆಳಕು ಹೊರಬೀಳದಂತೆ ಕಂಬಳಿ ಇಳಿಬಿಟ್ಟು.
ಅವರಿಗೂ ನೂಲಿನ ಪೆಟ್ಟಿಗೆ ಬರಬೇಕು, ವಿಳಾಸ ಬೇಕು.
ಆರು ಮೆಟ್ಟಿಲಿಳಿದರೆ ತಗಡಿನ ಬಾಗಿಲು,
ಮೇಲೆ, ದರ್ಜಿಯ ಸೀಮೆಸುಣ್ಣದಲ್ಲಿ,
ಯಾರೋ ಬರೆದಿದ್ದಾರೆ:
ಹತ್ತು.