ಸವಳು ಮಣ್ಣು, ಮೊದಲ ವರ್ಷ

ನಲವತ್ತೊಂದು ಚೀಲ, ಒಂದೊಂದರಲ್ಲೂ ಅರ್ಧ ಕಿಲೋ.
ಸಿಂಧನೂರಿನಿಂದ ರಾಯಚೂರಿಗೆ ಹೊರಟ ಬಸ್ಸಿನಲ್ಲಿ
ಕಂಡಕ್ಟರ್ ಕಾಲಿನಿಂದ ಗೋಣಿ ತಿವಿದು ನೋಡಿದ:
"ಏನವಾ ತಂಗಿ, ಮನಿ ಕಟ್ಟಸ್ತೀಯೇನು?"
"ಎಂಎಸ್ಸಿ ಓದಾಕತ್ತೀನಣ್ಣ."
ನನಗೆ ಪುಕ್ಕಟೆ ಟಿಕೆಟ್ಟು ಹರಿದ,
ಮಣ್ಣಿಗೆ ಇಪ್ಪತ್ತು ರೂಪಾಯಿ.

ಮಣ್ಣೆಂದರೆ ನನಗೆ ಮೊದಲು ಎರಡು ಅಂಕ.
ಕಾಲುವೆಯ ನೀರು ಮುಟ್ಟದ ಕಟ್ಟಕಡೆಯ ಊರಿನ ಸಾಲೆಯಲ್ಲಿ
ಭೀಮರಾಯ ಮಾಸ್ತರು ಉತ್ತರ ಮೊದಲು ಬರೆಸುತ್ತಿದ್ದರು,
ಪ್ರಶ್ನೆ ಆಮೇಲೆ, ಹಾಳೆಯಲ್ಲಿ ಜಾಗ ಉಳಿದರೆ.
"ಭೂಮಿಯ ಮೇಲ್ಮೈಯ ಸಡಿಲ ಪದರವೇ ಮಣ್ಣು."
"ಪದರವೇ" ಬದಲು "ಪದರ" ಎಂದದ್ದಕ್ಕೆ
ಅರ್ಧ ಅಂಕ ಹೋಗಿ ಸಂಜೆತನಕ ಅತ್ತಿದ್ದೆ.
ಕಿಟಕಿಯಾಚೆ ಎರೆಹೊಲ
ಕೈ ತೂರುವಷ್ಟು ಬಿರಿದು ಬಿದ್ದುಕೊಂಡಿತ್ತು.
ಅದು ಪಾಠದಲ್ಲಿ ಇರಲಿಲ್ಲ.

ಡಿಗ್ರಿಗೆ ಬಂದಾಗ ಸೀನಿಯರ್ ಅಕ್ಕಂದಿರ ನೋಟ್ಸಿನ
ಝೆರಾಕ್ಸಿನ ಝೆರಾಕ್ಸು.
ಮಡಿಕೆ ಬಿದ್ದು ಮಾಸಿದ ಸಾಲನ್ನು
ನಾವೂ ಬಿಟ್ಟೇ ಬರೆದೆವು ಪರೀಕ್ಷೆಯಲ್ಲಿ.
ತಿದ್ದಿದವರೂ ಅದನ್ನೇ ಓದಿ ಬಂದವರಿರಬೇಕು.
ಫಸ್ಟ್ ಕ್ಲಾಸ್.

ಇಲ್ಲಿ ಮೂರೇ ಜನ ನಾವು.
ಗಂಟೆ ಹೊಡೆಯುತ್ತದೆಂದು ಮೊದಲ ವಾರವೆಲ್ಲ ಕಾದೆ.
ಕುಷ್ಟಗಿಯ ಈರಪ್ಪ ಹೇಳಿದ, "ಹೊಡ್ಯಂಗಿಲ್ಲ, ಹೋಗು, ಚಾ ಕುಡಿ."
ಶಾಹೇದಾ ಮೇಡಂ ಕುರ್ಚಿ ತೋರಿಸಿ ಕೇಳಿದರು:
"ನೀ ಏನ್ ಕೇಳಬೇಕಂತ ಬಂದೀಯವ್ವ?"
ಪೆನ್ನಿನ ಟೋಪಿ ತೆಗೆದು ಹಿಡಿದು
"ನೀವ ಹೇಳ್ರಿ, ಬರ್ಕೋತೀನಿ" ಅಂದೆ.
ಅವರು ಹೇಳಲಿಲ್ಲ.
ಫ್ಯಾನು ಕಟಕಟ ಎಂದು ತಿರುಗಿತು ಬಹಳ ಹೊತ್ತು.

ಆಮೇಲೆ: "ಒಂದು ಹೊಲ ಉಪ್ಪೇರಿ ಬೆಳ್ಳಗಾಗ್ತದ,
ಬದುವಿನ ಈಚೆ ಇನ್ನೊಂದು ಆಗಂಗಿಲ್ಲ. ಯಾಕ?
ನನಗೂ ಗೊತ್ತಿಲ್ಲ."

ನಾನು ಬಾಗಿಲ ಕಡೆ ನೋಡಿದೆ,
ಯಾರಾದರೂ ಕೇಳಿಸಿಕೊಂಡರೇನೋ ಎಂದು.
ಹದಿನಾರು ವರ್ಷ ಓದಿದ್ದೆ,
ಒಬ್ಬ ಮಾಸ್ತರ ಬಾಯಲ್ಲೂ ಆ ಮಾತು ಬಂದಿರಲಿಲ್ಲ.
ಪುಸ್ತಕದಲ್ಲಿ ತಾರೀಖು ಹಾಕಿ ಬರೆದುಕೊಂಡೆ: ಗೊತ್ತಿಲ್ಲ.
ರೂಢಿಯಂತೆ ಕೆಳಗೊಂದು ಗೆರೆ ಎಳೆದೆ.

ಈಗ ರಾತ್ರಿ ಹನ್ನೊಂದಕ್ಕೆ ಲ್ಯಾಬಿನಲ್ಲಿ
ಮಣ್ಣು ಕಲಕಿದ ನೀರಿಗೆ ಕಡ್ಡಿ ಅದ್ದಿ ಓದುವುದು.
ಎಂಟು. ಒಂಬತ್ತು. ಎಂಟೂವರೆ.
ಹದಿನೇಳನೆಯ ಚೀಲ: ಒಂದೂಕಾಲು.
ಮತ್ತೆ ಅದ್ದಿದೆ. ಒಂದೂಕಾಲು.
ಸುತ್ತಲ ಹೊಲವೆಲ್ಲ ಉಪ್ಪಾದ ಮೇಲೆ
ಇದೊಂದಕ್ಕೇನು ಸೊಕ್ಕು?
ರಬ್ಬರಿನಿಂದ ಉಜ್ಜಿ ಎಂಟು ಮಾಡಿದೆ.
ಹೌದು, ಮಾಡಿದೆ. ಉತ್ತರ ತಾಳೆಯಾಗದಿದ್ದರೆ
ಲೆಕ್ಕವನ್ನೇ ತಿದ್ದಿ ಬೆಳೆದ ಕೈ ಇದು.

ಮೇಡಂ ಹಾಳೆಯನ್ನು ಬೆಳಕಿಗೆ ಹಿಡಿದರು.
ಉಜ್ಜಿದ ಜಾಗ ತೆಳ್ಳಗೆ, ಬೆಳಕು ಸೋರುತ್ತಿತ್ತು.
"ಇಲ್ಲೇನಿತ್ತು?"
ಬೈಯಲಿಲ್ಲ. ಅದೇ ಕಷ್ಟವಾಯಿತು.
"ಇದೊಂದ ನೋಡವ್ವ ನನಗ ಬೇಕಾಗಿದ್ದು."

ಮರುದಿನ ಹೊಲದೊಡತಿ ದ್ಯಾವಮ್ಮನ ಮುಂದೆ ಕೂತೆ.
ನನ್ನ ಪ್ರಶ್ನಾವಳಿಯ ಹನ್ನೆರಡು ಪ್ರಶ್ನೆಗೂ
ಆಕೆ ಬೇರೆ ಏನೋ ಹೇಳಿದಳು.
ಹೋಗುವಾಗ, ಕುಡಗೋಲು ಸೊಂಟಕ್ಕೆ ಸಿಕ್ಕಿಸುತ್ತ:
"ಅಲ್ಲೊಂದು ಹಗೇವು ಇತ್ತು, ನಮ್ಮತ್ತಿ ಕಾಲಕ್ಕ.
ಜ್ವಾಳ ತುಂಬತಿದ್ರು. ಆಮ್ಯಾಲ ಬೂದಿ ಹಾಕಿ ಮುಚ್ಚಿದ್ರು."
ಚಿಟಿಕೆ ಮಣ್ಣು ನಾಲಿಗೆಗಿಟ್ಟು ಉಗಿದಳು.
"ಚಪ್ಪ ಅದ ನೋಡು."
ನಾನೂ ಇಟ್ಟೆ.
ಕಾರಣ ಹಗೇವೋ, ಬೂದಿಯೋ, ಮತ್ತೇನೋ.
ಬಾಯೊಳಗೆ ಮಾತ್ರ ತಂಪು, ತುಸು ಹಳೆಯ ಕಾಳಿನ ವಾಸನೆ.

ಅವ್ವ ಫೋನಿನಲ್ಲಿ: "ಪರೀಕ್ಷಿ ಹೆಂಗಾತು?"
ಆಗಿಲ್ಲವ್ವ ಎಂದರೆ, "ಮತ್ತ ಅಲ್ಲೇನ್ ಮಾಡ್ತಿ?"
ಸಿಗ್ನಲ್ ಹೋಯಿತು ಅಂದೆ. ಹೋಗಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಅದೇ ಕಂಡಕ್ಟರ್.
ತೊಡೆಯ ಮೇಲೆ ಒಂದೇ ಒಂದು ಚೀಲ.
"ಎಲ್ಲಿಗೆ ಬಂತವಾ ನಿನ್ನ ಮನಿ?"
"ಗೊತ್ತಿಲ್ಲಣ್ಣ."
ಇಷ್ಟಕ್ಕೆ ಲಗೇಜ್ ಇಲ್ಲ ಬಿಡು ಎಂದು
ಮುಂದಿನ ಸೀಟಿಗೆ ಹೋದ.