ಹನ್ನೆರಡು ಫ್ರೇಮು ತಡ

ತೀನ್ ಕಂದೀಲಿನ ಹಿಂದಿನ ಗಲ್ಲಿ,
ಮೆಟ್ಟಿಲ ಕೆಳಗಿನ ಅಂಗಡಿ ನಂದು.
ಬೂಷ್ಟು ಹಿಡಿದ ಕ್ಯಾಸೆಟ್ಟು ತರತಾರ ಮಂದಿ,
ಪೆನ್‌ಡ್ರೈವಿನಾಗ ಮದಿವಿ ಒಯ್ತಾರ.
ಸ್ಪಿರಿಟಿನಾಗ ಹತ್ತಿ ಅದ್ದಿ ಹೆಡ್ಡು ಒರಸಬೇಕು,
ಮೂರು ತಾಸಿನ ಮದಿವಿಗೆ ಮೂರು ತಾಸು ಕೂಡಬೇಕು.
ಟೇಪು ಯಾರ ಮಾತೂ ಕೇಳಂಗಿಲ್ಲ,
ತನ್ನ ನಡಿಗಿಲೇ ನಡೀತದ.

ಸೂಗಮ್ಮ ತಂದದ್ದು ಸೀಡಿ.
ಯಾರೋ ಮೊದಲೇ ಬದಲಿ ಮಾಡಿದ್ದು, ಅವಸರದಾಗ.
ಜೋಡಿ ಒಂದು ಚೀಟಿ:
'ಕೆಳಗ ಅಕ್ಷರ ಹಾಕಿ ಕೊಡ್ರಿ. ನನಗ ಕಿವಿ ಕೇಳಂಗಿಲ್ಲ.'

ಹಚ್ಚಿ ನೋಡಿದೆ. ಗಬ್ಬೂರಿನಾಗ ಯಾರದೋ ಮದಿವಿ,
ಇಪ್ಪತ್ತೆರಡು ವರ್ಷದ ಹಿಂದಿಂದು.
ಮೊದಲ ಕಾಯಿ ಒಡೆದಾಗ ಸದ್ದೂ ಚಿತ್ರಾನೂ ಕೂಡೇ ಇದ್ದವು.
ಅರಿಶಿಣಕ್ಕ ಬರೋದ್ರಾಗ ಸದ್ದು ಒಂದು ಹೆಜ್ಜಿ ಮುಂದ,
ಕೋಲು ಬೀಳೋಕಿನ ಮೊದಲ ಡೊಳ್ಳು ನುಡೀತಿತ್ತು.
ತಾಳಿ ಇನ್ನೂ ಅಯ್ಯನೋರ ಕೈಯಾಗ,
ಗಟ್ಟಿಮೇಳ ಮುಗಿದೇ ಹೋಗಿತ್ತು.

ಇಂಥಾದ್ದು ಸರಿಸಿದರ ಸಾಲದು.
ಈ ತುದಿ ಕೂಡಿಸಿದರ ಆ ತುದಿ ತಪ್ಪತದ.
ಹಸಿ ಸೀರಿ ಇಬ್ಬರು ಹಿಡಿದು ಜಗ್ಗಿದಂಗ
ಸದ್ದನ್ನ ಉದ್ದಕ್ಕೂ ಒಂಚೂರು ಒಂಚೂರು ಎಳೀಬೇಕು,
ದನಿ ದಪ್ಪ ಆಗದಂಗ.
ಎಳೆದೆ. ಕಿವಿಗೊಟ್ಟು ಕೇಳಿ ಮಾತು ಬರೆದೆ.
ಹಳೇ ಫಾಂಟಿನ ಚಟ, ಮೊದಲ ಸರ್ತಿ
ಒತ್ತೆಲ್ಲಾ ಕಳಚಿ ಬಿದ್ದವು,
ಅಕ್ಕ ಇದ್ದಾಕಿ ಬರೇ ಚೌಕ ಡಬ್ಬಿ ಆದಳು.
ಅದನ್ನೂ ತಿದ್ದಿದೆ.

ಆಕಿ ಬಂದು ಕುಂತು ನೋಡಿದಳು. ತಲಿ ಅಲ್ಲಾಡಿಸಿದಳು.
'ಸದ್ದು ಸರಿಯಾಗೇ ಅದ' ಅಂದೆ,
ಯಾರಿಗೆ ಅನ್ನಾಕತ್ತೀನಿ ಅನ್ನೋದು ಮರೆತು.
ಬೀಗರ ಬಾಯಿ ಮ್ಯಾಲ ಬೆರಳಿಟ್ಟಳು:
ತುಟಿ ಮುಚ್ಚಿದ ಮ್ಯಾಲ ಅಕ್ಷರ ಬಂತು.
ಎಣಿಸಿದೆ. ಹನ್ನೆರಡು ಫ್ರೇಮು. ಅರ್ಧ ಸೆಕೆಂಡು.
ಕೇಳೋ ಮಂದಿಗೆ ಅದು ಏನೂ ಅಲ್ಲ.
ಹತ್ತೊಂಬತ್ತು ವರ್ಷ ನಾನೂ ಅದನ್ನ ಏನೂ ಅಲ್ಲ ಅಂದಾಂವ.

ಆಮ್ಯಾಲ ನಲವತ್ತೊಂದನೇ ನಿಮಿಷ, ಹದಿನೇಳನೇ ಸೆಕೆಂಡು.
ಕಂಬದ ಬಾಜೂಕ ಗಿಳಿಹಸಿರು ಸೀರಿ ಉಟ್ಟಾಕಿ,
ಬ್ಯಾಂಡಿನ ಗದ್ದಲ ಎಲ್ಲಾದರ ಮ್ಯಾಲ.
ಅಲ್ಲಿ ನಾ ಏನೂ ಬರೆದಿರಲಿಲ್ಲ.
ಸೂಗಮ್ಮ ಅಲ್ಲೇ ನಿಲ್ಲಿಸಿದಳು, ಪೆನ್ನು ಕೇಳಿದಳು.

'ನಮ್ಮವ್ವ. ಹತ್ತಿ ಮಿಲ್ಲಿನಾಗ ದುಡೀತಿದ್ದಳು.
ಜಿನ್ ಹಚ್ಚಿದರ ಅಲ್ಲಿ ಯಾರಿಗೂ ಕೇಳಂಗಿಲ್ಲ.
ಮೂವತ್ತು ಹೆಣ್ಣಮಕ್ಕಳು ತುಟಿಲೇ ಮಾತಾಡತಿದ್ದರು,
ನಗತಿದ್ದರು, ಜಗಳಾನೂ ಆಡತಿದ್ದರು.
ನನ್ನ ಜೋಡಿ ಮಾತಾಡಾಕ ಅವ್ವ ಹೊಸದೇನೂ ಕಲೀಲಿಲ್ಲ.'

ಮತ್ತ ಹಿಂದಕ್ಕ ಓಡಿಸಿದೆ.
ಗಿಳಿಹಸಿರಿನಾಕಿ ಚಪ್ಪರದ ಆ ಮೂಲಿಗೆ ನೋಡಿ
ಒಂದೊಂದೇ ಅಕ್ಷರ ಬಿಡಿಸಿ ಬಾಯಾಡಿಸಿದಳು.
ಬ್ಯಾಂಡು ತೆಗೆದರೂ ಅದರ ಕೆಳಗ ದನಿ ಇರಲಿಲ್ಲ,
ಇದ್ದಿದ್ದೇ ಇಲ್ಲ.
ಸೂಗಮ್ಮ ಓದಿ ಬರೆದು ಕೊಟ್ಟಳು, ನಾ ಕೂಡಿಸಿದೆ:

'ನಿನ್ನ ಚಪ್ಪಲಿ ನನ್ನ ಚೀಲದಾಗ ಅವ.
ಹುಡುಕಬ್ಯಾಡ. ಉಣ್ಣಾಕ ಕೂಡು.'

ಯಾವ ಸದ್ದಿಗೆ ಕಟ್ಟಲಿ ಇದನ್ನ?
ಸ್ಪೀಕರಿನ ಗುಂಡಿ ಸೊನ್ನಿಗೆ ತಿರುವಿದೆ.
ತುಟಿ ಬಿಚ್ಚಿದ ಫ್ರೇಮಿಗೆ ಶುರು,
ಮುಚ್ಚಿದ ಫ್ರೇಮಿಗೆ ಕಡೀ.
ಇಡೀ ಮದಿವಿಯೊಳಗ ಅದೊಂದು ಸಾಲು
ಒಂದು ಫ್ರೇಮೂ ತಪ್ಪಲಿಲ್ಲ.

ಮುನ್ನೂರು ಕೊಟ್ಟಳು, ಐವತ್ತು ವಾಪಸ್ ಕೊಟ್ಟೆ.
ರಸ್ತೆ ದಾಟಿ ಆಟೋಗಳ ಆಚೆ ನಿಂತಾಗ
ನಾನೂ ದನಿ ಬಿಟ್ಟು, ತುಟಿಲೇ ಕೇಳಿದೆ:
'ಈಗ ಸರಿ ಆತೇನು?'
ನಕ್ಕು, ಏನೋ ಅಂದಳು, ಉದ್ದಕ.
ನನಗ ಓದಾಕ ಬರಲಿಲ್ಲ.