ಇಬ್ಬರಿಗೆ ಪಾಸು

ನಲವತ್ತು ಕೋಟುಗಳ ಅಂಚು ಒಂದೇ ರಾತ್ರಿಯಲ್ಲಿ ಮಡಚಿ ಹೊಲಿದದ್ದಕ್ಕೆ
ದುಡ್ಡಿನ ಜೊತೆ ಎರಡು ಪಾಸು ಕೊಟ್ಟರು
ಮುಂಬಯಿಯ ಹುಡುಗರು.
ಒಂದು ನನಗೆ. ಇನ್ನೊಂದು,
ಶಾಲೆ ಯೂನಿಫಾರ್ಮಿನ ಕಾಲರು ಹೊಲಿಯುವ ಈ ಓಣಿಯಲ್ಲಿ
ಯಾರಿಗೆ ಕೊಡಲಿ ಅನ್ನುವಷ್ಟರಲ್ಲಿ
ದೊಡ್ಡವ್ವ ಇಳಕಲ್ಲ ಸೀರೆ ಉಟ್ಟು ನಿಂತಿದ್ದಳು:
ಗಿರಣಿಗೆ ಅಂದೆಲ್ಲ, ಮತ್ತ?

ಸೊಲ್ಲಾಪುರದಲ್ಲಿ ಗಿರಣಿ ಅಂದರೆ ಈಗ
ಒಂದು ಚಿಮಣಿ, ಸುತ್ತ ಜಾಲಿ.
ಇವತ್ತು ಬಾಗಿಲಿಗೆ ನೀಲಿ ಬೆಳಕು,
ಮಣಿಕಟ್ಟಿಗೆ ಕಾಗದದ ಪಟ್ಟಿ ಸುತ್ತುವ ಹುಡುಗಿ,
ಪಟ್ಟಿಯ ಮೇಲೆ: ಪಾಳಿ ಎರಡು.
ನಂದು ಒಂದನೇ ಪಾಳಿ, ಅಂದಳು ದೊಡ್ಡವ್ವ ಗಟ್ಟಿಯಾಗಿ.
ಅವಳು ಹೇಳುವುದೆಲ್ಲ ಗಟ್ಟಿಯಾಗಿಯೇ.
ಇಪ್ಪತ್ತೆರಡು ವರ್ಷ ಮಗ್ಗಗಳ ನಡುವೆ ನಿಂತು
ಕಿವಿ ಅಲ್ಲೇ ಬಿಟ್ಟು ಬಂದವಳು.

ಒಳಗೆ ಕತ್ತಲು. ಕತ್ತಲಲ್ಲಿ ತೂಗುಬಿಟ್ಟ ಚಾದರಗಳು,
ಚಾದರದ ಮೇಲೆ ಸಿನಿಮಾ,
ನೇಯ್ದ ನವಿಲಿನ ಮೇಲೆ ಯಾರದೋ ಮೊಣಕೈ ಹಾದು ಹೋಗುತ್ತದೆ.
ನಡುವಿನಿಂದ ಬರುತ್ತಾರೆ
ಉದ್ದುದ್ದ ಹುಡುಗ ಹುಡುಗಿಯರು, ನನ್ನ ಕೋಟು ತೊಟ್ಟು,
ನಗದೆ, ರೆಪ್ಪೆ ಮಿಟುಕಿಸದೆ.
ಒಬ್ಬ ನನ್ನ ಕಾಲ ಹತ್ತಿರವೇ ಬಿದ್ದು
ನೂಲಿನ ಹಾಗೆ ನಿಧಾನ ಎದ್ದ.
ಜನ ಫೋನು ಎತ್ತಿ ಹಿಡಿದರು.
ನಾನು ನೋಡಿದ್ದು ಅಂಚು ಮಾತ್ರ.
ಬೆಳಗಿನ ನಾಲ್ಕಕ್ಕೆ ಕಣ್ಣು ಎಳೆದಾಗ
ಮೂವತ್ತೊಂದನೆಯದಕ್ಕೆ ಹೊಲಿಗೆ ಸೊಟ್ಟಗಾಗಿತ್ತು;
ಅದೂ ಬಂತು, ಬೆಳಕಿನಲ್ಲಿ ಒಂದು ಸುತ್ತು ತಿರುಗಿತು,
ಯಾರೂ ಏನೂ ಅನ್ನಲಿಲ್ಲ.

ಆಮೇಲೆ ಸದ್ದು ಬಿಟ್ಟರು.
ನೂರು ಮಗ್ಗದ ಸದ್ದು, ಗೋಡೆಗೋಡೆಯ ಪೆಟ್ಟಿಗೆಯಿಂದ,
ಎದೆಗೂಡು ನಡುಗುವ ಹಾಗೆ.
ಕಾಲೇಜಿನ ಹುಡುಗಿಯರು ಕಿವಿ ಮುಚ್ಚಿಕೊಂಡರು.
ದೊಡ್ಡವ್ವ ಮಾತ್ರ ದನಿ ಇಳಿಸಿದಳು.
ಬರೀ ತುಟಿ ಆಡಿಸಿದಳು ನನ್ನ ಕಡೆ.
ನನಗೆ ತಿಳಿಯಲಿಲ್ಲ.

ಎಲ್ಲಕ್ಕಿಂತ ದೊಡ್ಡ ಚಾದರದ ಮೇಲೆ ಹಳೆಯ ಚಿತ್ರ,
ಯಾರೋ ಯಾವಾಗಲೋ ತೆಗೆದದ್ದು, ದನಿ ಇಲ್ಲ.
ನೂಲು ಸುತ್ತುವ ಖಾತೆಯ ಹೆಂಗಸರು ಸಾಲಾಗಿ
ಬಾಯಿ ಆಡಿಸುತ್ತಾರೆ.
ಕೆಳಗೆ ಮರಾಠಿಯಲ್ಲಿ ಒಂದು ಸಾಲು: ಶ್ರಮದ ಮೌನ.

ಮೌನಂತ! ದೊಡ್ಡವ್ವನಿಗೆ ನಗು ತಡೆಯಲಿಲ್ಲ.
ಈಕಿ ತೆಲುಗ್ಯಾಕಿ, ತುಟಿ ನೋಡು ಹೆಂಗ ಗುಂಡಗ ಆಗ್ತಾವ,
ನಿನ್ನ ಬದ್ನಿಕಾಯಾಗ ಉಪ್ಪಿಲ್ಲ ಅನ್ನಾಕತ್ಯಾಳ.
ಇಕಿ ನಮ್ಮಾಕಿ. ಸಾಹೇಬನ ಮೀಸಿ ಬಗ್ಗೆ...
ಬ್ಯಾಡ, ಅದನ್ನ ಹೇಳಬಾರದು.
ಆ ಮೂಲ್ಯಾಗಿನ ಹುಡುಗಿ ಮರಾಠ್ಯಾಗ ಎಣಸಾಕತ್ಯಾಳ,
ಪಗಾರಕ್ಕ ಇನ್ನೂ ಎಷ್ಟು ದಿನ ಅಂತ.

ಸುತ್ತ ಜನ ಸೇರಿದರು.
ಕೋಟಿನ ಹುಡುಗನೊಬ್ಬ ನಡೆಯುವುದು ಮರೆತು ನಿಂತ.

ಸಾಲಿನ ಕೊನೆಗೆ ಒಬ್ಬಾಕೆ,
ಮೂಗುಬೊಟ್ಟು, ಹುಬ್ಬಿನ ಮೇಲೆ ಹತ್ತಿ,
ಕ್ಯಾಮೆರಾದ ಕಡೆ ತಿರುಗಿ ನಾಲ್ಕು ಮಾತು ಆಡಿದಳು.
ದೊಡ್ಡವ್ವ ಸುಮ್ಮನಾದಳು.
ಚಿತ್ರ ಮುಗಿದು ಮೊದಲಿಂದ ಬಂತು.
ಮತ್ತೆ ತಿರುಗಿದಳು, ಮತ್ತೆ ಅದೇ ನಾಲ್ಕು ಮಾತು.
ಮೂರನೆಯ ಸಲ ದೊಡ್ಡವ್ವ
ಇಲ್ಲದ ಹತ್ತಿಧೂಳನ್ನು ಸೆರಗಿಂದ ಸರಿಸಿ
ತುಟಿಯಲ್ಲೇ ಉತ್ತರ ಕೊಟ್ಟಳು,
ಆಚೆ ಸಾಲಿನವರಿಗೆ ಕಾಣಬೇಕು ಅನ್ನುವಷ್ಟು ದೊಡ್ಡದಾಗಿ.

ಯಾರು ಅವರು? ಏನಂದರು?
ಮೈಕಿನ ಹುಡುಗಿ ಮರಾಠಿಯಲ್ಲಿ ಕೇಳಿದಳು, ಆಮೇಲೆ ಹಿಂದಿಯಲ್ಲಿ.
ದೊಡ್ಡವ್ವ ಕಿವಿ ತೋರಿಸಿ ಕೈ ಅಲ್ಲಾಡಿಸಿದಳು:
ಕೇಳಂಗಿಲ್ಲವ್ವ ನನಗ.

ಹೊರಗೆ ಚಾದರ ಮಾರುತ್ತಿದ್ದರು, ಒಂದಕ್ಕೆ ಒಂಬತ್ತು ಸಾವಿರ.
ಅಂಚು ಹಿಡಿದು ಎಳೆ ಎಣಿಸಿ ಬಿಟ್ಟಳು.
ಅಕ್ಕಲಕೋಟ ನಾಕೆಯ ತನಕ ಆಟೋದಲ್ಲಿ ನಾನು ಕೇಳುತ್ತಲೇ ಇದ್ದೆ.
ಕೈಯ ಪಟ್ಟಿ ಹರಿಯದೆ ಹಾಗೇ ಇಟ್ಟುಕೊಂಡಿದ್ದಳು.
ಡ್ರೈವರನ ಕನ್ನಡಿಯಲ್ಲಿ ಅವಳ ತುಟಿ ಆಡುತ್ತಿತ್ತು,
ಕನ್ನಡವೋ ತೆಲುಗೋ
ಅಷ್ಟೂ ತಿಳಿಯಲಿಲ್ಲ ನನಗೆ.